ಗುರಿ ಆಟಗಾರನದ್ದೇ ಆದಮೇಲೆ ಸ್ಪ್ರಿಂಗ್ ಕ್ಯೂಗೆ ಅಡ್ಡಿಯೇಕೆ?

ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಸಮುಂದ್ರಿ ಎಂಬ ಊರಿನ ಮುಹಮ್ಮದ್ ಇಕ್ರಂಗೆ ಹುಟ್ಟಿನಿಂದಲೇ ಎರಡೂ ಕೈಗಳಿಲ್ಲ. ಆದರೂ ಅವರು ಸ್ನೂಕರ್ ಟೇಬಲ್ಲಿನ ಮೇಲೆ ಬಾಗಿ, ಕತ್ತು ಓರೆ ಮಾಡಿ, ಬಿಳಿ ಚೆಂಡಿಗೆ ಗದ್ದದಿಂದ ಏಟು ಕೊಟ್ಟು ಬಣ್ಣದ ಚೆಂಡನ್ನು ಪಾಕೆಟ್ಟಿಗೆ ಇಳಿಸುತ್ತಾರೆ. 2020ರಲ್ಲಿ ಅವರ ಆಟದ ವರದಿಗಳು, ವಿಡಿಯೊಗಳು ದೇಶದೇಶಗಳಲ್ಲಿ ಹರಿದಾಡಿದವು. ನೋಡಿದವರೆಲ್ಲ ಬೆರಗಾದರು. ಆದರೆ ಅಧಿಕೃತ ಪಂದ್ಯವಾಗಿದ್ದರೆ ಇಕ್ರಂ ಅವರ ಒಂದೊಂದು ಏಟೂ ಫೌಲ್. ಕ್ಯೂ ಕೋಲಿನ ತುದಿಯನ್ನು ಬಿಟ್ಟು ಬೇರೇನೂ ಬಿಳಿ ಚೆಂಡಿಗೆ ತಾಗಕೂಡದು ಎನ್ನುತ್ತದೆ ನಿಯಮ. ಕೋನದ ಅಂದಾಜು, ಮುಂದಿನ ಮೂರು ಏಟುಗಳ ಲೆಕ್ಕ, ಗುರಿ ಹಿಡಿಯುವ ಕಣ್ಣು ಎಲ್ಲವೂ ಅವರಿಗಿವೆ. ಕೋಲನ್ನು ಹಿಂದಕ್ಕೆಳೆದು ಮುಂದಕ್ಕೆ ಬಿಡುವ ತೋಳು ಮಾತ್ರ ಇಲ್ಲ.

ಆ ತೋಳಿನ ಕೆಲಸವನ್ನು ಮಾಡುವ ಕೋಲು ಸಾಧ್ಯ. ಅಮೆರಿಕದ ಪೇಟೆಂಟ್ ದಾಖಲೆಗಳಲ್ಲಿ ಸ್ಪ್ರಿಂಗ್ ಜೋಡಿಸಿದ ಕ್ಯೂಗಳ ನಕ್ಷೆಗಳಿವೆ. ಅವುಗಳ ರಚನೆ ಸರಳ. ಒಂದು ಟೊಳ್ಳು ಕೊಳವೆ, ಅದರೊಳಗೆ ಸ್ಪ್ರಿಂಗ್, ಸ್ಪ್ರಿಂಗಿನ ಮುಂದೆ ಚರ್ಮದ ಟಿಪ್ ಹೊತ್ತ ಸರಳು. ಸರಳನ್ನು ಹಿಂದಕ್ಕೆ ಎಳೆದರೆ ಸ್ಪ್ರಿಂಗ್ ಅದುಮಿಕೊಂಡು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದೊಡನೆ ಕೊಕ್ಕೆ ಬಿಚ್ಚಿ ಸರಳು ಮುನ್ನುಗ್ಗುತ್ತದೆ, ಟಿಪ್ ಬಿಳಿ ಚೆಂಡಿಗೆ ಬಡಿಯುತ್ತದೆ. ಎಷ್ಟು ಹಿಂದಕ್ಕೆ ಎಳೆದಿದ್ದರೋ ಅಷ್ಟು ಬಲ. ಕೊಳವೆಯ ಮುಂಭಾಗ ಟೇಬಲ್ಲಿನ ಮೇಲೆ ಪುಟ್ಟ ಕಾಲಿನ ಆಸರೆಯಲ್ಲಿ ಕೂರುತ್ತದೆ. ಒಂದೇ ಕೈ ಇರುವವರು ಬೆರಳಿನಿಂದ ಟ್ರಿಗರ್ ಒತ್ತಬಹುದು. ಬೆರಳೂ ಬಾರದವರಿಗೆ ಸೈಕಲ್ಲಿನ ಬ್ರೇಕಿನಂಥ ತಂತಿ ಎಳೆದು ಮೊಣಕೈ, ಪಾದ ಅಥವಾ ಹಲ್ಲಿನಿಂದಲೂ ಬಿಡುವಂತೆ ಮಾಡಬಹುದು.

ಇಂಥ ಕೋಲನ್ನು ಕ್ಲಬ್ಬಿಗೆ ತಂದರೆ ಮೊದಲು ಕೇಳಿಬರುವ ಮಾತು ‘ಇದು ಆಟವಲ್ಲ’ ಎಂಬುದು. ಆ ಮಾತಿನ ಹಿಂದೆ ನಿಜವಾದ ಕಳವಳವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕ್ಯೂ ಹಿಡಿದವರು ಮೊದಲ ವರ್ಷಗಳನ್ನು ಕಳೆಯುವುದೇ ತೋಳನ್ನು ನೆಟ್ಟಗೆ ಆಡಿಸುವುದನ್ನು ಕಲಿಯುವುದರಲ್ಲಿ. ಮೊಣಕೈ ಕೂದಲೆಳೆಯಷ್ಟು ಅತ್ತಿತ್ತ ವಾಲಿದರೂ ಹನ್ನೆರಡು ಅಡಿಯ ಟೇಬಲ್ಲಿನ ಆ ಕೊನೆಯಲ್ಲಿ ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ಹೊರಗೆ ಬರುತ್ತದೆ. ಕೊಳವೆಯೊಳಗಿನ ಸರಳು ವಾಲುವುದಿಲ್ಲ. ಬೇರೆಯವರು ಬೆವರು ಹರಿಸಿ ಗಳಿಸಿದ್ದನ್ನು ಈ ಯಂತ್ರ ಪುಕ್ಕಟೆಯಾಗಿ ಕೊಡುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ.

ಆದರೆ ಅದೇ ಕೋಲು ಕಿತ್ತುಕೊಳ್ಳುವುದೂ ಬಹಳ. ಟಿಪ್ ಮತ್ತು ಚೆಂಡು ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ ಮಾತ್ರ. ಆ ಕ್ಷಣದ ವೇಗ, ಟಿಪ್ ತಾಗಿದ ಜಾಗ, ಕೋಲಿನ ತೂಕ ಮತ್ತು ಓರೆ ಚೆಂಡಿನ ಹಾದಿಯನ್ನು ನಿರ್ಧರಿಸುತ್ತವೆ. ನುರಿತ ತೋಳು ಉಸಿರಿನಷ್ಟು ಹಗುರವಾದ ಏಟಿನಿಂದ ಹಿಡಿದು ಟೇಬಲ್ ಅದುರುವ ಏಟಿನವರೆಗೆ ಲೆಕ್ಕವಿಲ್ಲದಷ್ಟು ಬಲಗಳನ್ನು ಬಲ್ಲದು. ಸ್ಪ್ರಿಂಗಿಗೆ ಸಿಗುವುದು ಕೊಕ್ಕೆ ಸಿಕ್ಕಿಕೊಳ್ಳುವ ಹಲ್ಲುಗಳಷ್ಟೇ ಮೆಟ್ಟಿಲು. ಚೆಂಡು ಕುಶನ್ನಿಗೆ ಅಂಟಿ ನಿಂತಾಗ, ಇನ್ನೊಂದು ಚೆಂಡಿನ ಮೇಲಿನಿಂದ ಕೋಲೆತ್ತಿ ಹೊಡೆಯಬೇಕಾದಾಗ ದಪ್ಪ ಕೊಳವೆ ತೊಡಕಾಗುತ್ತದೆ. ಯಾವ ಚೆಂಡು, ಎಷ್ಟು ಓರೆ, ಎಷ್ಟು ತಿರುವು, ಬಿಳಿ ಚೆಂಡು ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನಂತೂ ಸ್ಪ್ರಿಂಗ್ ಹೇಳಿಕೊಡುವುದಿಲ್ಲ. ಬಿಲಿಯರ್ಡ್ಸ್‌ನ ತಿರುಳಿರುವುದು ಅಲ್ಲಿಯೇ.

ಸಾಂಪ್ರದಾಯಿಕ ಕೋಲು ಎನ್ನುವಾಗ ಅದರ ಚರಿತ್ರೆಯನ್ನೂ ನೆನೆಯಬೇಕು. ಮೊದಮೊದಲು ಯುರೋಪಿನಲ್ಲಿ ಆಡುತ್ತಿದ್ದದ್ದು ದಪ್ಪ ತಲೆಯ ಕೋಲಿನಿಂದ. ಅದರಿಂದ ಚೆಂಡನ್ನು ನೂಕುತ್ತಿದ್ದರು. ಚೆಂಡು ಅಂಚಿಗೆ ಸೇರಿದಾಗ ದಪ್ಪ ತಲೆ ಹೊಂದದೆ, ಕೋಲನ್ನು ತಿರುಗಿಸಿ ಹಿಡಿಕೆಯ ತುದಿಯಿಂದ ಹೊಡೆಯತೊಡಗಿದರು. ಇಂದಿನ ಕ್ಯೂ ಹುಟ್ಟಿದ್ದು ಹಾಗೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸೈನ್ಯದ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೊ ಕೋಲಿನ ತುದಿಗೆ ಚರ್ಮದ ಟಿಪ್ ಕೂರಿಸಿ ಅದರ ಬಳಕೆಯನ್ನು ಪಳಗಿಸಿದ. ಸೆರೆಮನೆಯಲ್ಲಿದ್ದಾಗ ಅದನ್ನು ಸಾಧಿಸಿದ ಎಂದು ಹೇಳುತ್ತಾರೆ. ಚರ್ಮ ಬಂದ ಮೇಲೆಯೇ ಚೆಂಡನ್ನು ಬೇಕಾದಂತೆ ತಿರುಗಿಸಲು, ಹಿಂದಕ್ಕೆ ಕರೆಸಿಕೊಳ್ಳಲು ಸಾಧ್ಯವಾದದ್ದು. ಟಿಪ್ ಜಾರದಂತೆ ಚಾಕ್ ಬಂತು. ಕೈ ಎಟುಕದ ಚೆಂಡಿಗೆ ಶಿಲುಬೆ ತಲೆಯ ರೆಸ್ಟ್ ಬಂತು, ಅಡ್ಡ ನಿಂತ ಚೆಂಡನ್ನು ದಾಟಿಸಲು ಸ್ಪೈಡರ್ ಬಂತು, ಕೋಲನ್ನು ಉದ್ದ ಮಾಡುವ ಜೋಡಣೆಗಳು ಬಂದವು. ಈಚೆಗೆ ಪೂಲ್ ಆಟದಲ್ಲಿ ಕಾರ್ಬನ್ ಫೈಬರ್ ಕೋಲುಗಳೂ ಬಂದಿವೆ. ಎಡಗೈ ಎಟುಕದಿದ್ದಾಗ ರೆಸ್ಟ್ ಇಟ್ಟುಕೊಂಡವರನ್ನು ಯಾರೂ ಮೋಸಗಾರರೆನ್ನುವುದಿಲ್ಲ. ತೋಳೇ ಇಲ್ಲದವರಿಗೆ ಮಾತ್ರ ಏಕೆ ಬೇರೆ ನ್ಯಾಯ?

ಸ್ನೂಕರ್ ನಿಯಮದ ಪ್ರಕಾರ ಕ್ಯೂ ಮೂರಡಿಗಿಂತ, ಅಂದರೆ 914 ಮಿಲಿಮೀಟರಿಗಿಂತ ಗಿಡ್ಡವಾಗಿರಬಾರದು. ರೂಢಿಯಲ್ಲಿರುವ ಆಕಾರವನ್ನು ಗಣನೀಯವಾಗಿ ಬಿಟ್ಟಿರಬಾರದು. ಸ್ಪ್ರಿಂಗ್ ಕೊಳವೆ ಈ ಎರಡನೆಯ ಷರತ್ತಿಗೆ ಸಿಕ್ಕಿಬೀಳುತ್ತದೆ. ಆದರೆ ಅದೇ ನಿಯಮ ಪುಸ್ತಕದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ಭಾಗವಿದೆ. ವಿಕಲಚೇತನ ಆಟಗಾರರಿದ್ದಾಗ ರೆಫರಿ ನಿಯಮಗಳನ್ನು ಹೊಂದಿಸಿಕೊಳ್ಳಬೇಕಾಗಬಹುದು ಎಂದು ಅದು ಒಪ್ಪುತ್ತದೆ. ಏಟಿನ ಹೊತ್ತಿಗೆ ಒಂದು ಪಾದವಾದರೂ ನೆಲದ ಮೇಲಿರಬೇಕೆಂಬ ನಿಯಮ ಗಾಲಿಕುರ್ಚಿಯವರಿಗೆ ಅನ್ವಯಿಸದು. ಕೆಂಪು, ಹಸಿರು ಬೇರ್ಪಡಿಸಿ ಕಾಣಲಾಗದವರು ಕೇಳಿದರೆ ರೆಫರಿ ಚೆಂಡಿನ ಬಣ್ಣ ಹೇಳಬೇಕು. ಇವೆಲ್ಲ ಉದಾಹರಣೆಗಳು ಎಂದೇ ಅಲ್ಲಿ ಬರೆದಿದೆ. ಬಾಗಿಲು ಈಗಾಗಲೇ ತೆರೆದಿದೆ, ತೋಳಿಲ್ಲದವರನ್ನು ಒಳಗೆ ಕರೆಯುವುದಷ್ಟೇ ಬಾಕಿ.

ಹಾಗೆ ಕರೆಯುವಾಗ ಗೆರೆ ಎಲ್ಲಿ ಎಳೆಯಬೇಕು? ಅಮೆರಿಕದ ಎಂಜಿನಿಯರ್ ಶೇನ್ ವೈಟನ್ ತಮ್ಮ ಯೂಟ್ಯೂಬ್ ಚಾನೆಲ್ಲಿಗಾಗಿ ಒಂದು ಸ್ವಯಂಚಾಲಿತ ಪೂಲ್ ಕ್ಯೂ ಮಾಡಿದರು. ಟೇಬಲ್ಲಿನ ಮೇಲೆ ತೂಗುವ ಕ್ಯಾಮೆರಾ ಚೆಂಡುಗಳ ಜಾಗ ಗುರುತಿಸುತ್ತದೆ, ಕಂಪ್ಯೂಟರ್ ಯಾವ ಏಟು ಹೊಡೆಯಬೇಕೆಂದು ಆರಿಸುತ್ತದೆ, ಕೋಲಿನೊಳಗಿನ ಯಂತ್ರ ತುದಿಯನ್ನು ತಾನೇ ಸರಿಪಡಿಸಿಕೊಂಡು ಹೊಡೆಯುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ ಕೆಲಸ. ಆದರೆ ಅಲ್ಲಿ ಆಡುವುದು ಯಂತ್ರ, ಮನುಷ್ಯ ಕೋಲನ್ನು ಹೊತ್ತು ನಿಂತಿರುತ್ತಾನೆ. ಅಂಥದ್ದು ಯಾವ ಸ್ಪರ್ಧೆಗೂ ಬೇಡ. ನೂಕುವ ಯಂತ್ರಕ್ಕೆ ಅವಕಾಶ ಕೊಡಬೇಕು, ಗುರಿ ಹಿಡಿಯುವ ಯಂತ್ರಕ್ಕೆ ಕೊಡಬಾರದು.

ಈ ಗೆರೆಯನ್ನು ಬೇರೆ ಆಟಗಳು ಎಂದೋ ಎಳೆದು ತೋರಿಸಿವೆ. ಪ್ಯಾರಾಲಿಂಪಿಕ್ಸ್‌ನ ಬೋಚಾ ಆಟದಲ್ಲಿ ಚೆಂಡೆಸೆಯಲು ಕೈಕಾಲು ಬಾರದವರಿಗೆ ಬಿಸಿ3 ಎಂಬ ವರ್ಗವಿದೆ. ಇಳಿಜಾರು ದೋಣಿಯಂಥ ರ‍್ಯಾಂಪಿನ ಮೇಲಿನಿಂದ ಅವರು ಚೆಂಡನ್ನು ಉರುಳಿಬಿಡುತ್ತಾರೆ. ರ‍್ಯಾಂಪನ್ನು ಸರಿಸಿ ಕೊಡಲು ಸಹಾಯಕರೊಬ್ಬರು ಇರುತ್ತಾರೆ, ಆದರೆ ಅವರು ಅಂಕಣಕ್ಕೆ ಬೆನ್ನು ಹಾಕಿಯೇ ಇರಬೇಕು. ತಿರುಗಿ ನೋಡುವಂತಿಲ್ಲ. ಎಷ್ಟು ಎಡಕ್ಕೆ, ಎಷ್ಟು ಎತ್ತರದಿಂದ ಎಂದು ಹೇಳಬೇಕಾದವರು ಆಟಗಾರರೇ. ಇದಕ್ಕಿಂತ ಸ್ಪಷ್ಟವಾದ ನಿಯಮ ಬರೆಯುವುದು ಕಷ್ಟ. ಬಿಲ್ಲುಗಾರಿಕೆಯಲ್ಲಿ ಜಮ್ಮು-ಕಾಶ್ಮೀರದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, ಭುಜಕ್ಕೆ ಕಟ್ಟಿದ ರಿಲೀಸ್ ಸಾಧನದಿಂದ ನಾಣೆಳೆದು ಬಾಣ ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಅವರು ಕಂಚು ಗೆದ್ದಾಗ, ಆ ಸಾಧನದಿಂದಾಗಿ ಪದಕದ ಬೆಲೆ ಕಡಿಮೆಯಾಯಿತೆಂದು ಯಾರಿಗೂ ಅನ್ನಿಸಲಿಲ್ಲ. ಕಾಂಪೌಂಡ್ ಬಿಲ್ಲಿನಲ್ಲಿ ಎರಡೂ ಕೈ ಇರುವವರು ಬಳಸುವುದೂ ಯಾಂತ್ರಿಕ ರಿಲೀಸನ್ನೇ.

ಸ್ನೂಕರ್ ಕೂಡ ಒಂದು ಕಾಲಕ್ಕೆ ಪ್ಯಾರಾಲಿಂಪಿಕ್ಸ್‌ನಲ್ಲಿತ್ತು. 1960ರ ರೋಮ್‌ನಿಂದ 1988ರ ಸೋಲ್‌ವರೆಗೆ, 1980 ಒಂದನ್ನು ಬಿಟ್ಟು, ಪ್ರತಿ ಬಾರಿಯೂ ಆಡಿದರು, ಆಮೇಲೆ ಕೈಬಿಟ್ಟರು. 2015ರಲ್ಲಿ ಬ್ರಿಟನ್ನಿನಲ್ಲಿ ವಿಕಲಚೇತನರ ಬಿಲಿಯರ್ಡ್ಸ್ ಮತ್ತು ಸ್ನೂಕರಿಗಾಗಿಯೇ ವಿಶ್ವ ಸಂಸ್ಥೆಯೊಂದು ಶುರುವಾಗಿ, ಗಾಲಿಕುರ್ಚಿಯವರು, ಕೈಯ ಊನವಿರುವವರು, ದೃಷ್ಟಿ ಮಂದವಾದವರು, ಕಿವಿ ಕೇಳದವರು ಹೀಗೆ ವರ್ಗ ಮಾಡಿ ಟೂರ್ನಿ ನಡೆಸುತ್ತಿದೆ. ಸಮಾನರ ನಡುವೆ ಸ್ಪರ್ಧೆ ಇಟ್ಟರೆ ‘ಪುಕ್ಕಟೆ ಲಾಭ’ದ ಆಕ್ಷೇಪ ತಾನಾಗಿ ಸಡಿಲಗೊಳ್ಳುತ್ತದೆ. ಮುಕ್ತ ವಿಭಾಗದ ಪ್ರಶಸ್ತಿ ಪಂದ್ಯಗಳಿಗೆ ಸ್ಪ್ರಿಂಗ್ ಕ್ಯೂ ಬರಬೇಕೆಂದು ಯಾರೂ ಕೇಳಬೇಕಿಲ್ಲ. ಪ್ರತ್ಯೇಕ ವರ್ಗದಲ್ಲಿ ಅದಕ್ಕೆ ಮಾನ್ಯತೆ ಬೇಕು, ದಿನನಿತ್ಯದ ಕ್ಲಬ್ ಆಟದಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಜಾಗ ಬೇಕು.

ಈ ಕೆಲಸಕ್ಕೆ ಕರ್ನಾಟಕವೇ ಮುಂದಾಗಬೇಕು. 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪಟ್ಟ ಗೆದ್ದು, ಆಮೇಲೆ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ಪಟ್ಟದ ಮೇಲೆ ಪಟ್ಟ ತಂದ ಪಂಕಜ್ ಅಡ್ವಾಣಿ ಬೆಳೆದದ್ದು ಬೆಂಗಳೂರಿನಲ್ಲಿ, ಅರವಿಂದ ಸವೂರ್ ಅವರ ಗರಡಿಯಲ್ಲಿ. ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯೂ ಇದೇ ಊರಿನಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕನ್ನು ಮನ್ನಿಸಿ ಏರ್ಪಾಡು ಮಾಡುವ ಹೊಣೆಯನ್ನು ಕ್ರೀಡಾ ಪ್ರಾಧಿಕಾರಗಳ ಮೇಲೆ ಹೊರಿಸಿದೆ. ಹಾಗಿರುವಾಗ ಇದನ್ನು ಯಾರೋ ಮಾಡುವ ದಯೆಯ ಕೆಲಸ ಎನ್ನಲಾಗದು.

ಸಂಸ್ಥೆ ಮೊದಲು ಮಾಡಬೇಕಾದದ್ದು ಒಂದು ಪುಟದ ನಿಯಮ ಬರೆಯುವುದು. ಬಲ ಬರಬೇಕಾದದ್ದು ಆಟಗಾರರು ಅಥವಾ ಅವರು ಹೇಳಿದಂತೆ ಸಹಾಯಕರು ಎಳೆದಿಟ್ಟ ಸ್ಪ್ರಿಂಗಿನಿಂದ ಮಾತ್ರ. ಮೋಟಾರು, ಕ್ಯಾಮೆರಾ, ಲೇಸರ್ ಬೇಡ. ಸಹಾಯಕರು ಗುರಿಯ ಬಗ್ಗೆ ತುಟಿ ಬಿಚ್ಚಬಾರದು. ಟಿಪ್ ಮಾಮೂಲಿ ಚರ್ಮದ್ದೇ ಆಗಿರಬೇಕು, ತಾಗಿದೊಡನೆ ಚೆಂಡಿನಿಂದ ಬಿಡಬೇಕು. ನೂಕುತ್ತ ಹೋದರೆ ಈಗಿನಂತೆಯೇ ಫೌಲ್. ಸ್ಪ್ರಿಂಗಿನ ಬಲಕ್ಕೆ ಒಂದು ಮಿತಿಯನ್ನು ಟೇಬಲ್ಲಿನ ಮೇಲೆ ಹೊಡೆದು ನೋಡಿಯೇ ಗೊತ್ತುಮಾಡಬೇಕು, ಆ ಪರೀಕ್ಷೆಗೆ ಅನುಭವಿ ಆಟಗಾರರನ್ನೂ ವಿಕಲಚೇತನರನ್ನೂ ಒಟ್ಟಿಗೆ ಕೂರಿಸಿಕೊಳ್ಳಬೇಕು. ಕೋಲಿಗೆ ವಿದೇಶದ ದಾರಿ ಕಾಯಬೇಕಿಲ್ಲ. ಕೊಳವೆ, ಸ್ಪ್ರಿಂಗ್, ಕೊಕ್ಕೆಯ ಇಷ್ಟು ಸರಳ ಸಾಧನವನ್ನು ಅಳತೆ ತಪ್ಪದಂತೆ ಮಾಡಿಕೊಡಬಲ್ಲ ವರ್ಕ್‌ಶಾಪುಗಳು ಪೀಣ್ಯದಲ್ಲಿ ಬೇಕಾದಷ್ಟಿವೆ. ನಕ್ಷೆ ಕೊಟ್ಟು ಮೊದಲ ನಾಲ್ಕೈದು ಕ್ಯೂ ಮಾಡಿಸಿ, ರೆಸ್ಟ್ ಮತ್ತು ಸ್ಪೈಡರ್ ನೇತುಹಾಕುವ ಗೂಟಗಳಲ್ಲೇ ಅವನ್ನೂ ನೇತುಹಾಕಬೇಕು.