ಜಲವಿನೋದವೂ ಜೀವರಕ್ಷಣೆಯೂ

ಬೆಲ್ಜಿಯಂ ದೇಶದ ವಾಲಿಬಿ ವಿನೋದೋದ್ಯಾನದಲ್ಲಿ 2016ರಲ್ಲಿ ಆರಂಭವಾದ 'ಪಲ್ಸಾರ್' ಎಂಬ ಜಲ ರೋಲರ್ ಕೋಸ್ಟರು ವಿದ್ಯುತ್ಕಾಂತದ ಬಲದಿಂದ ಮುಂದಕ್ಕೂ ಹಿಂದಕ್ಕೂ ಚಿಮ್ಮಿ, ಸುಮಾರು 45 ಮೀಟರು ಎತ್ತರದಿಂದ ಇಳಿದು ಕೊಳವನ್ನು ಸೀಳುತ್ತದೆ. ಅದರಲ್ಲಿ ಕುಳಿತವರು ಭಯಪಟ್ಟರೂ ನಗುತ್ತಲೇ ಇಳಿಯುವರು. ಏಕೆಂದರೆ ಅಲ್ಲಿ ನೀರಿನ ಆಳಕ್ಕೆ ಅಳತೆಯಿದೆ, ಆಸನಕ್ಕೆ ಬಂಧನವಿದೆ, ಎತ್ತರ ಸಾಲದ ಮಗುವಿಗೆ ತಡೆಯಿದೆ. ನಮ್ಮಲ್ಲಿಯೂ 2005ರಲ್ಲಿ ತೆರೆದ ಬಿಡದಿಯ ವಂಡರ್‌ಲಾದ ಜಲಕ್ರೀಡೆಗಳಿಗೆ ಕಾವಲುಂಟು. ಇದು ಮೆಚ್ಚತಕ್ಕ ವಿಷಯವೇ.

ಆದರೆ ಕಡಬದ ಮಕ್ಕಳು ನಿತ್ಯವೂ ಕಾಣುವ ನೀರು ಕುಮಾರಧಾರೆಯದು. ಘಟ್ಟದ ಮೇಲೆ ಮಳೆ ಸುರಿದರೆ, ಕೆಳಗೆ ಬಿಸಿಲಿರುವಾಗಲೇ ಹೊಳೆ ಏರುವುದು. ಹಳ್ಳಿಯ ಕಡವುಗಳಲ್ಲಿ ಆಳವನ್ನು ತಿಳಿಸುವವರಾರು? ಮುಳುಗುವವನಿಗೆ ಹಗ್ಗವೆಸೆಯುವವರಾರು?

ಕಡಬವು ಈಗ ಪ್ರತ್ಯೇಕ ತಾಲೂಕಾಗಿದೆ. ಅಧಿಕಾರವು ಹತ್ತಿರ ಬಂದಮೇಲೆ ಹೊಣೆಯೂ ಹತ್ತಿರ ಬರಬೇಕಷ್ಟೆ. ಅಪಾಯದ ಕಡವುಗಳಲ್ಲಿ ಆಳದ ಗುರುತು, ಹಗ್ಗ, ಗಾಳಿ ತುಂಬಿದ ಟ್ಯೂಬು, ಮಳೆಗಾಲದಲ್ಲಿ ಈಜು ಬಲ್ಲ ಕಾವಲುಗಾರ, ಶಾಲೆಗಳಲ್ಲಿ ಈಜಿನ ಶಿಕ್ಷಣ: ಇವಿಷ್ಟನ್ನು ಪಂಚಾಯತಿಗಳೂ ತಾಲೂಕಿನ ಅಧಿಕಾರಿಗಳೂ ಕೂಡಿ ಏರ್ಪಡಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಇದಕ್ಕೆ ಬೇಕಾದುದು ವಿದ್ಯುತ್ಕಾಂತವಲ್ಲ, ಮನಸ್ಸು. ಟಿಕೇಟು ಕೊಂಡವನ ಜೀವಕ್ಕಿರುವ ಬೆಲೆಯು ಹೊಳೆಯಲ್ಲಿ ಮೀಯುವ ಬಡವನ ಜೀವಕ್ಕೂ ಇರತಕ್ಕದ್ದು.