ಪರದೇಶ ಸೇವೆಯೂ ವಿಶ್ವಾಸವೂ

ಇಂತಹ ಸಂಚಿಕೆಯಲ್ಲಿ ಶಾಲೆಯ ಅಭಿವೃದ್ಧಿಯನ್ನು ಕುರಿತು ಬರೆಯುವುದು ವಾಡಿಕೆ. ಈ ಸಲ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು, ಅದರಿಂದ ಕಲಿತದ್ದನ್ನು ತಮ್ಮಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿದ್ದೇವೆ.

ನಮ್ಮಲ್ಲಿ ಓದಿ, ದಾದಿಯ ಶಿಕ್ಷಣವನ್ನು ಪೂರೈಸಿ, ಸುವಾರ್ತಾ ಸೇವೆಗಾಗಿ ಪರದೇಶದ ಆಸ್ಪತ್ರೆಯೊಂದಕ್ಕೆ ಹೋದ ಮಗಳೊಬ್ಬಳಿದ್ದಾಳೆ. ಆಕೆ ಮುಧೋಳದಿಂದ ಹೊರಟು ಸೇಡಮಿನಲ್ಲಿ ರೈಲು ಹತ್ತಿದ ದಿನ ಬೀಳ್ಕೊಡಲು ನಾವೂ ಹೋಗಿದ್ದೆವು. ಮೊದಲ ಕೆಲವು ತಿಂಗಳು ಆಕೆಯಿಂದ ಉಲ್ಲಾಸದ ಪತ್ರಗಳು ಬಂದವು. ಅವನ್ನು ಬೆಳಗಿನ ಪ್ರಾರ್ಥನೆಯಲ್ಲಿ ಓದಿಸಿದೆವು. ಅನಂತರ ಬಂದ ಪತ್ರವು ಬೇರೆ ತೆರನಾಗಿತ್ತು. ಜ್ವರ ಬಿಟ್ಟಿಲ್ಲ, ಅಲ್ಲಿಯ ಭಾಷೆ ನಾಲಗೆಗೆ ಹತ್ತುತ್ತಿಲ್ಲ, ತಾನು ಆರೈಕೆ ಮಾಡುತ್ತಿದ್ದ ಮಗುವೊಂದು ರಾತ್ರಿಯಲ್ಲಿ ತೀರಿಹೋಯಿತು, ಅಂದಿನಿಂದ ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲವೆಂದು ಬರೆದಿದ್ದಳು. ನಾವು ಆ ಪತ್ರದ ಮೊದಲ ಪುಟವನ್ನು ಮಾತ್ರ ಓದಿಸಿ, ಉಳಿದುದನ್ನು ಮಡಿಸಿಟ್ಟೆವು. ಎಳೆಯ ಮಕ್ಕಳು ಎದೆಗುಂದಬಾರದೆಂಬುದು ಆಗ ನಮಗೆ ನಾವೇ ಹೇಳಿಕೊಂಡ ಕಾರಣ. ರಜದಲ್ಲಿ ಬಂದಾಗ ಆಕೆ ಕೇಳಿದುದು ಒಂದೇ ಮಾತು: "ನನ್ನ ಪತ್ರವನ್ನು ಪೂರ್ತಿ ಓದಿದಿರಾ, ಅಮ್ಮ?" ನಮ್ಮಲ್ಲಿ ಉತ್ತರವಿರಲಿಲ್ಲ.

ಕಳುಹಿಸುವವರು ಹೋದವರಿಂದ ಜಯದ ವಾರ್ತೆಯನ್ನೇ ಬಯಸುವುದು ದೊಡ್ಡ ಅನ್ಯಾಯವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಕಷ್ಟದಲ್ಲಿರುವವಳು ಕಷ್ಟವನ್ನು ಬಚ್ಚಿಡಬೇಕಾಗಿ ಬಂದರೆ, ಆಕೆ ಹೊರುವ ಭಾರವು ಇಮ್ಮಡಿಯಾಗುವುದಷ್ಟೆ.

ನಮ್ಮ ಕನ್ನಡನಾಡಿನ ಸಭೆಯ ಚರಿತ್ರೆಯನ್ನೇ ನೋಡೋಣ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಹರ್ಮನ್ ಎಂಬ ಹೆಸರನ್ನು ಪಡೆದು, 1846ರಲ್ಲಿ ಬಾಸೆಲ್ ನಗರದ ಮಿಷನ್ ಶಾಲೆಯನ್ನು ಸೇರಿದರು. ಸೂಯೆಜ್ ಕಾಲುವೆ ಇನ್ನೂ ತೆರೆಯದ ಕಾಲವದು. ಹಿಂದೆ ಬಾಂಧವರ ಸಿಟ್ಟು, ಮುಂದೆ ಚಳಿಯ ನಾಡು, ತಿಳಿಯದ ಭಾಷೆ. ಸುಮಾರು ಐದು ವರ್ಷ ಅಲ್ಲಿ ಕಲಿತು, 1851ರಲ್ಲಿ ಬೋಧಕರಾಗಿ ಮರಳಿ, ಮಂಗಳೂರಿನಲ್ಲಿ ಉಪದೇಶಕರನ್ನು ತರಬೇತು ಮಾಡಿದರು. ಅವರ ಓದನ್ನೂ ಹುದ್ದೆಯನ್ನೂ ನಾವು ಸ್ಮರಿಸುತ್ತೇವೆ. ಆ ಐದು ಚಳಿಗಾಲಗಳನ್ನು ಎಷ್ಟು ಮಂದಿ ನೆನೆಯುತ್ತೇವೆ?

ಇನ್ನು ಅಲ್ಲಿಂದ ಇಲ್ಲಿಗೆ ಬಂದವರ ಮಾತು. ಫರ್ಡಿನಂಡ್ ಕಿಟ್ಟೆಲರು 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದರು. 1864ರಲ್ಲಿ ಅವರ ಮೊದಲ ಪತ್ನಿ ಪಾಲಿನ್ ತೀರಿಕೊಂಡರು. ಅವರ ಭಾಷಾವ್ಯಾಸಂಗವನ್ನು ಸಹೋದ್ಯೋಗಿಗಳೆಲ್ಲರೂ ಮೆಚ್ಚಲಿಲ್ಲ. ಆದರೂ ಅವರು ಶಬ್ದಶಬ್ದವಾಗಿ ಕೂಡಿಸಿದ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಬಂದಂದಿನಿಂದ ನಲವತ್ತೊಂದು ವರ್ಷ! ವಿಶ್ವಾಸವೆಂದರೆ ಪ್ರತಿದಿನವೂ ಉಕ್ಕುವ ಸಂತೋಷವೆಂದು ತಿಳಿದವರು ಈ ನಲವತ್ತೊಂದು ವರ್ಷಗಳನ್ನು ಅರ್ಥಮಾಡಿಕೊಳ್ಳಲಾರರು. ದುಃಖದ ದಿನವೂ ಎದ್ದು ಅಂದಿನ ಕೆಲಸವನ್ನು ಮಾಡುವುದು ಸಹ ವಿಶ್ವಾಸವೇ. ಬಾಯಿಗೆ ಬಾರದ ಪ್ರಾರ್ಥನೆಯನ್ನು ಕೈಗಳು ಸಲ್ಲಿಸುವ ದಿನಗಳುಂಟು.

ವೇದಪುಸ್ತಕವಾದರೂ ಕಷ್ಟವನ್ನು ಮುಚ್ಚಿಡುವುದಿಲ್ಲ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ತಾನು ತಿಂದ ಪೆಟ್ಟುಗಳನ್ನೂ, ಹಸಿವೆ ಚಳಿಗಳನ್ನೂ, ಮೂರು ಸಲ ಹಡಗು ಒಡೆದುದನ್ನೂ ಲೆಕ್ಕವಿಟ್ಟು ಹೇಳಿದ್ದಾನೆ. ಕೀರ್ತನೆಗಳಲ್ಲಿ ಸ್ತುತಿಯಂತೆ ಗೋಳಾಟವೂ ಇದೆ. ಅಂದಿನ ಸಭೆಗಳು ಪೌಲನ ಪತ್ರವನ್ನು ನಮ್ಮಂತೆ ಅರ್ಧಕ್ಕೆ ಮಡಿಸಿಟ್ಟಿದ್ದರೆ ನಮಗೆ ಉಳಿಯುತ್ತಿದ್ದುದೇನು?

ಇಷ್ಟೆಲ್ಲ ಕಷ್ಟವನ್ನು ಹೇಳಿಬಿಟ್ಟರೆ ಯಾವ ತಾಯಿ ಮಗಳನ್ನು ಕಳುಹಿಸಿಯಾಳು ಎಂದು ಕೆಲವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಕೆಲವರು ಕಳುಹಿಸದೆ ಇರಬಹುದು. ಆದರೆ ಅರಿಯದೆ ಹೋಗಿ ಒಳಗೊಳಗೆ ಕುಸಿಯುವ ಹತ್ತು ಮಂದಿಗಿಂತ, ಅರಿತು ಹೋಗುವ ಒಬ್ಬಳು ಸೇವೆಗೂ ಕ್ಷೇಮ, ತನಗೂ ಕ್ಷೇಮ. ತೊಗರಿಯ ಹೊಲಕ್ಕೆ ಮಳೆ ತಪ್ಪಿದ ವರ್ಷ ಎಲ್ಲವೂ ಚೆನ್ನಾಗಿದೆಯೆಂದು ನಮ್ಮ ರೈತನು ಹೇಳುವುದಿಲ್ಲ. ಮುಂದಿನ ಬಿತ್ತನೆಯನ್ನು ಬಿಡುವುದೂ ಇಲ್ಲ.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟು. ದೂರದಲ್ಲಿರುವ ಮಗಳನ್ನು ಎಲ್ಲರೆದುರಿಗೆ ಸೌಖ್ಯವೇ ಎಂದು ಕೇಳಿ ಸುಮ್ಮನಾಗಬೇಡಿರಿ. ಈಗ ದೂರವಾಣಿಯಲ್ಲಿ ನಗುಮುಖದ ಚಿತ್ರ ಕ್ಷಣದಲ್ಲಿ ಬರುತ್ತದೆ; ನಗುವಿನ ಹಿಂದಿನದು ಹಾಗೆ ಬರುವುದಿಲ್ಲ. ಉಂಡೆಯಾ, ನಿದ್ರೆ ಬಂತೇ, ಮಾತಾಡಲು ಜೊತೆ ಯಾರಿದ್ದಾರೆ ಎಂದು ಬಿಡುವಾಗಿ ಕೇಳಿರಿ. ಆಕೆ ದೇಹ ಸೋತು ಅವಧಿಗೆ ಮುಂಚೆ ಮರಳಿದರೆ, ವಿಶ್ವಾಸದಲ್ಲಿ ಸೋತಳೆಂದು ಎಣಿಸದೆ ಬಾಗಿಲು ತೆರೆಯಿರಿ. ಪೂರ್ವ ವಿದ್ಯಾರ್ಥಿನಿಯರೇ, ನೀವು ಎಲ್ಲಿದ್ದರೂ ಶಾಲೆಗೆ ನಿಜವನ್ನೇ ಬರೆಯಿರಿ. ಇನ್ನು ಮೇಲೆ ಮಡಿಸಿಡುವುದಿಲ್ಲ.

ಆ ಮಗಳ ಅಪ್ಪಣೆ ಪಡೆದು, ಅವಳೆದುರಿನಲ್ಲಿಯೇ, ಪತ್ರದ ಉಳಿದ ಪುಟಗಳನ್ನು ಪ್ರಾರ್ಥನೆಯಲ್ಲಿ ಓದಿಸಿದೆವು. ಯಾರೂ ಎದೆಗುಂದಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ತೀರಿಹೋದ ಆ ಮಗುವಿನ ಹೆಸರೇನೆಂದು ಕೇಳಿದಳು. ಆಕೆ ಹೇಳಿದಳು. ಎಲ್ಲರೂ ಆ ಹೆಸರನ್ನು ಹಿಡಿದು ಪ್ರಾರ್ಥಿಸಿದರು. ಆಕೆಯ ತುಟಿಗಳೂ ಅಲುಗುತ್ತಿದ್ದುದನ್ನು ನಾವು ಕಂಡೆವು.