ಕ್ಯಾಮೆರಾ ಹಳೆಯದಿರಲಿ, ಲೆನ್ಸ್ ಬದಲಿಸಿ

ಭಾತಂಬ್ರಾದಲ್ಲಿ ಮದುವೆ ಫೋಟೊ ತೆಗೆಯುವ ನಮ್ಮಣ್ಣ, ತೊಗರಿ ಮಾರಿದ ದುಡ್ಡಲ್ಲಿ ಕ್ಯಾನನ್ 1500ಡಿ ಕೊಳ್ಳಲು ಹೊರಟಿದ್ದ. ಬಿಇ ಓದುವ ನಾನು ಬೇಡವೆಂದೆ.

ಅವನ ಹತ್ತಿರ 2014ರ 1200ಡಿ ಇದೆ, 18 ಮೆಗಾಪಿಕ್ಸೆಲ್. 2018ರ 1500ಡಿಯಲ್ಲಿ 24.1. ಆದರೆ ಫೋಕಸ್ ಬಿಂದು ಎರಡರಲ್ಲೂ 9, ಸೆಕೆಂಡಿಗೆ 3 ಫೋಟೊ, ಬ್ಯಾಟರಿಯೂ ಅದೇ. 12×8 ಇಂಚಿನ ಪ್ರಿಂಟಿಗೆ 9 ಮೆಗಾಪಿಕ್ಸೆಲ್ ಸಾಕು! ಹೊಸದರ ವೈಫೈ ಅನುಕೂಲವೇ, ಆದರೆ ಕಾರ್ಡ್ ರೀಡರ್‌ನಿಂದಲೂ ಫೋಟೊ ಮೊಬೈಲಿಗೆ ಬರುತ್ತದೆ.

ಅಣ್ಣನ ಕಷ್ಟ ರಾತ್ರಿ ಮಂಟಪದ ಮಬ್ಬು ಬೆಳಕು. ಅವನ 18–55 ಲೆನ್ಸ್ 50 ಮಿ.ಮೀ.ಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯದು. 50 ಮಿ.ಮೀ. ಎಫ್/1.8 ಲೆನ್ಸ್ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. (ಗುಂಪು ಫೋಟೊಗೆ ಮಾತ್ರ ಬಹಳ ಹಿಂದೆ ಸರಿಯಬೇಕು.)

ಗೆಳೆಯನ ಅಂಥ ಲೆನ್ಸ್ ಹಾಕಿ, ಅಷ್ಟೂರಿನ ಗುಮ್ಮಟದೊಳಗಿನ ಚಿತ್ತಾರ ತೆಗೆದು ತೋರಿಸಿದೆ.

“ಇದು ನಮ್ಮ ಕ್ಯಾಮೆರಾನೇ ಏನೋ?” ಅಂದ ಅಣ್ಣ.

ಲೆನ್ಸ್ ಬಂತು. ಮಿಕ್ಕ ದುಡ್ಡು ಮುಂಗಾರಿನ ಬೀಜಕ್ಕೆ.